ಎರಡೂ ಕಾಲು ಸಮವಾಗಿವೆ ಎಂದವರಿಗೆ

ಅಂಗವಿಕಲತೆ ಪ್ರಮಾಣಪತ್ರ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ತಂಗಿಯ ಎರಡೂ ಕಾಲು ಒಂದೇ ಉದ್ದ ಇವೆ, ಆದ್ದರಿಂದ ಆಕೆಗೆ ಯಾವ ಅಂಗವೈಕಲ್ಯವೂ ಇಲ್ಲ ಎಂದು ತಾವು ತೀರ್ಪು ಕೊಟ್ಟಿದ್ದೀರಿ. ತಮ್ಮ ಟೇಪು ಸುಳ್ಳು ಹೇಳಿಲ್ಲ. ಅವಳ ಎರಡೂ ಸೊಂಟದ ಕೀಲುಗಳು ಒಟ್ಟೊಟ್ಟಿಗೇ ಕುಸಿದಿವೆ. ಒಂದೇ ಕುಸಿದಿದ್ದರೆ ತಮ್ಮ ಕರುಣೆಗೆ ಪಾತ್ರಳಾಗುತ್ತಿದ್ದಳು. ಎರಡೂ ಹಾಳಾದದ್ದು ಅವಳದೇ ತಪ್ಪು, ಅಲ್ಲವೇ?

ಅವಳಿಗಿರುವುದು ಲೂಪಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಬಿಸಿಲು ತಾಗಿದರೆ ಸಾಕು, ಕೆನ್ನೆ, ಮೂಗು ಕೆಂಪೇರಿ ಉರಿದು ಚರ್ಮ ಏಳುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡಲು ಕೊಟ್ಟ ಸ್ಟೆರಾಯ್ಡ್ ಮಾತ್ರೆ ಜೀವ ಉಳಿಸಿತು, ಮುಖ ಊದಿಸಿತು, ತೊಡೆಮೂಳೆಯ ತುದಿಗೆ ರಕ್ತ ಹರಿಯದಂತೆ ಮಾಡಿತು. ಮೂಳೆ ಒಳಗೊಳಗೇ ಸತ್ತಿತು. ಇಷ್ಟಾದರೂ ಅವಳು ಬಿಸಿಲಲ್ಲಿ ಮನೆ ಮನೆ ಸುತ್ತಿ, ಗೇಟಿನ ಪಕ್ಕ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತು ನೀರಿನ ಮೀಟರ್ ಓದಿ, ಗೇಟು ಹಿಡಿದೇ ಮೇಲೇಳುತ್ತಾಳೆ. ತಮ್ಮ ಪ್ರಮಾಣಪತ್ರ ತಂದರೆ ಕಚೇರಿಯೊಳಗೆ ಕುರ್ಚಿ ಕೊಡುತ್ತೇನೆಂದು ಅವಳ ಮೇಲಧಿಕಾರಿ ಒಪ್ಪಿದ್ದಾರೆ. ಅವಳಿಗೆ ಬೇಕಾದದ್ದು ಅದೊಂದು ಕುರ್ಚಿ.

ಅಂದು ನಡಿಗೆ ನೋಡಲು ತಾವು ಎಲ್ಲರನ್ನೂ ಅಂಗಳಕ್ಕಿಳಿಸಿದಿರಿ. ಒಳಗೆ ಜಾಗವಿಲ್ಲವಂತೆ. ನಡುಮಧ್ಯಾಹ್ನ. ಕೊಡೆ ಹಿಡಿದರೆ ನಡಿಗೆ ಸರಿಯಾಗಿ ಕಾಣುವುದಿಲ್ಲವೆಂದು ತಮ್ಮ ಸಹಾಯಕರು ಅದನ್ನೂ ಮಡಿಸಿಟ್ಟರು. ಅವಳು ನೋವು ನುಂಗಿಕೊಂಡು ನೆಟ್ಟಗೆ ನಡೆದಳು. ನಾಲ್ಕು ಜನರ ಮುಂದೆ ಕುಗ್ಗಬಾರದೆಂಬುದು ಚಿಕ್ಕಂದಿನಿಂದಲೂ ಅವಳ ಹಟ. ತಾವು ಆ ಕೆಂಪು ಕೆನ್ನೆ ನೋಡಿ, "ಮುಖ ಇಷ್ಟು ಕಳೆಕಳೆಯಾಗಿದೆಯಲ್ಲಮ್ಮ, ನಿಂಗೇನಾಗಿದೆ?" ಎಂದು ನಕ್ಕಿರಿ. ಮರ್ಯಾದೆಗೆ ಅವಳೂ ನಕ್ಕಳು. ಸಂಜೆಯ ಹೊತ್ತಿಗೆ ಆ ಕೆನ್ನೆ ಬಿರಿದು ನೀರು ಸೋರುತ್ತಿತ್ತು. ದಿಂಬಿಗೆ ಮುಖವೊತ್ತಿ ಅಳುವುದಕ್ಕೂ ಆಗದೆ, ಕೂತೇ ಅತ್ತಳು.

ಎಕ್ಸ್‌ರೇ, ಸ್ಕ್ಯಾನು ಎಲ್ಲ ಅವಳ ಕೈಯಲ್ಲೇ ಇದ್ದವು. ಕವರು ಬಿಚ್ಚಿ ನೋಡುವ ವ್ಯವಧಾನ ತಮಗಿರಲಿಲ್ಲ.

ಈಗ ಮರುಪರೀಕ್ಷೆಗೆ ಕರೆ ಬಂದಿದೆ. ಮತ್ತೆ ಅದೇ ಅಂಗಳ, ಅದೇ ಹೊತ್ತು. ನಾನು ಕೇಳುವುದು ದೊಡ್ಡದೇನಲ್ಲ. ಅವಳನ್ನು ನೆರಳಿನಲ್ಲಿ ನೋಡಿ. ಟೇಪು ಕೆಳಗಿಟ್ಟು ಸ್ಕ್ಯಾನು ಕೈಗೆತ್ತಿಕೊಳ್ಳಿ. ಒಂದು ಸಲ ನೆಲದ ಮೇಲೆ ಕೂತು ಏಳಲು ಹೇಳಿ, ಸಾಕು. ಹೀಗೆ ಮಾಡುತ್ತೇವೆಂದು ಪರೀಕ್ಷೆಯ ದಿನಕ್ಕೆ ಮೊದಲೇ ನಮಗೊಂದು ಮಾತು ತಿಳಿಸಿ. ಏಕೆಂದರೆ ನಿನ್ನೆ ಅವಳು ಅಡುಗೆಮನೆಯ ಗೋಡೆ ಹಿಡಿದು ಕುಂಟುವುದನ್ನು ಅಭ್ಯಾಸ ಮಾಡುತ್ತಿದ್ದಳು. ನನ್ನನ್ನು ಕಂಡು ನಾಚಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕ, ಯಾವ ಕಾಲು ಕುಂಟಲಿ?"

ಇಂತಿ,
ಅವಳ ಅಕ್ಕ