ನಮ್ಮ ಗದ್ದೆಗೇ ಬರುವ ಬಸವ

ಗೊರೇಬಾಳ
14-10-1992

ಪ್ರೀತಿಯ ಅಜ್ಜಿಗೆ ಮಾನಪ್ಪನ ನಮಸ್ಕಾರ.

ಕಣ್ಣಿನ ಪಟ್ಟಿ ಬಿಚ್ಚಿದರೇ? ಉರಿ ಕಡಿಮೆಯಾಯಿತೇ? ಲಿಂಗಸುಗೂರಿನಲ್ಲಿ ಅಕ್ಕನ ಮನೆಯ ಒಲೆ ಮುಂದೆ ಕೂರಬೇಡ, ಹೊಗೆ ಆಗದು. ಬಸ್ಸಮ್ಮಕ್ಕಾ, ಇದನ್ನು ಅಜ್ಜಿಗೆ ಓದಿ ಹೇಳುವಾಗ ಒಂದು ಸಾಲೂ ಬಿಡಬೇಡ. ಮುದುಕಪ್ಪ ಕಾಕಾ 'ಮುದುಕಿಗ್ಯಾಕ ತಿಳಿಸ್ತೀಲೇ, ಖುಷಿಯಾಗಿರ್ಲಿ ಬಿಡು' ಎಂದ. ನಾನು ಶಾಲೆ ಬಿಟ್ಟಿದ್ದೇನೆ, ಸುಳ್ಳು ಹೇಳುವುದನ್ನು ಕಲಿತಿಲ್ಲ.

ಅಜ್ಜಿ, ಗುಡಿಗೆ ಬಿಟ್ಟ ಬಸವ ದಿನಾ ನಸುಕಿನಲ್ಲಿ ನಮ್ಮ ಗದ್ದೆಗೇ ಬಂದು ಮೇಯುತ್ತಿತ್ತಲ್ಲ. ಕೊರಳ ಗಂಟೆ ಕೇಳಿದ ಕೂಡಲೇ ನೀನು ಬದುವಿನ ಮೇಲೆ ನಿಂತು, ಮಂಜಾದ ಕಣ್ಣಲ್ಲೇ ಕೈ ಮುಗಿಯುತ್ತಿದ್ದೆ. 'ಇಷ್ಟ್ ಮಂದಿ ಹೊಲ ಬಿಟ್ಟು ನಮ್ಮ ಹೊಲಾನ ಹುಡುಕ್ಕೊಂಡು ಬರ್ತಾನ ನೋಡು' ಎನ್ನುತ್ತಿದ್ದೆ. ತೆನೆ ಹೋದದ್ದಕ್ಕೆ ಒಮ್ಮೆಯೂ ಮುಖ ಸಣ್ಣದು ಮಾಡಲಿಲ್ಲ. ನೀನು ಹೋದ ಮೇಲೆ ನೀರು ಕಟ್ಟಲು ನಾನು ಹೋದೆ. ನೋಡಿದರೆ ಸಾಹುಕಾರ ಆದಪ್ಪನ ಆಳು ಗ್ಯಾನಪ್ಪ ಉಡಿಯಲ್ಲಿ ಶೇಂಗಾ ಹಿಂಡಿ ಕಟ್ಟಿಕೊಂಡು ಮುಂದೆ ಮುಂದೆ, ಬಸವ ಅವನ ಹಿಂದೆ ಹಿಂದೆ. ಬಸವನನ್ನು ಹೊಡೆಯಬಾರದು, ಅಟ್ಟಬಾರದು ಎಂಬುದು ಊರ ನೇಮ. ಹಿಂಡಿ ತೋರಿಸಬಾರದು ಎಂದು ಯಾರೂ ಹೇಳಿಲ್ಲವಲ್ಲ! ಸಾಹುಕಾರನ ಗದ್ದೆಯ ಸುತ್ತ ಜಾಲಿಮುಳ್ಳಿನ ಬೇಲಿ. ಗ್ಯಾನಪ್ಪ ಅದನ್ನು ಸುತ್ತಿಕೊಂಡು ಬಂದು, ನಮ್ಮ ಬದುವಿನ ಮೇಲೆ ಹಿಂಡಿ ಸುರಿದು ಹೋದ. ಬಸವ ಹುಡುಕಿಕೊಂಡು ಬರುತ್ತಿರಲಿಲ್ಲ ಅಜ್ಜಿ. ಕರೆತರುತ್ತಿದ್ದರು.

ಸೋಮವಾರ ಪೂಜೆಯಾದ ಮೇಲೆ ಗುಡಿಯ ಕಟ್ಟೆಯಲ್ಲಿ ಎಲ್ಲರೆದುರು ಸಾಹುಕಾರನನ್ನು ಇದನ್ನೇ ಕೇಳಿದೆ. ಅವನು ನಕ್ಕ. 'ಸಾಲಿ ಬಿಟ್ಟವ ದೇವರಿಗೆ ಹಾದಿ ತೋರ್ಸಾಕ ಬಂದಾನ' ಎಂದ. ಪೂಜಾರಿ ಅಯ್ಯನವರು ಬಸವನ ಹೆಗಲ ಡುಬ್ಬದ ಮೇಲೆ ಕೈ ಇಟ್ಟು ಆಣೆ ಮಾಡಲು ಹೇಳಿದರು. ನಾನು ಇಟ್ಟೆ. ಗ್ಯಾನಪ್ಪನ ಸರದಿ ಬಂದಾಗ ಅವನು ಹಿಂದೆ ಸರಿದ. 'ಮಕ್ಕಳೊಂದಿಗ ಅದೀನ್ರೀ, ಇದೊಂದು ಬ್ಯಾಡ್ರೀ' ಎಂದ. ಆಗಲೂ ಸಾಹುಕಾರ ಬಿಡಲಿಲ್ಲ. 'ಬಸವ ತಿಂದ್ರ ಪುಣ್ಯ ಮುದುಕಿಗೇ ಬಂತಲ್ಲೋ' ಎಂದ. 'ಹಂಗಾದ್ರ ನಿಮಗೂ ಬರ್ಲಿ ಬಿಡ್ರೀ ಸಾಹುಕಾರ್ರ' ಎಂದು ನೆಟ್ಟಗೆ ಹೋಗಿ ಅವನ ಬೇಲಿಯ ಮುಳ್ಳು ಎಳೆದು ಹಾಕಿದೆ. ಅಂಗೈ ತುಂಬ ಗಾಯ. ನನ್ನ ಹಿಂದೆಯೇ ಬಂದಿದ್ದ ಬಸವ ಒಳಗೆ ನಡೆಯಿತು. ಕಟ್ಟೆಯಿಂದ ಎದ್ದು ಬಂದ ಇಡೀ ಊರು ನೋಡುತ್ತಿತ್ತು, ಸಾಹುಕಾರ ಏನು ಮಾಡಿಯಾನು? ಕೈ ಮುಗಿದುಕೊಂಡು ನಿಂತ. ನೀನಿದ್ದಿದ್ದರೆ ಸೆರಗಿನೊಳಗೆ ನಗುತ್ತಿದ್ದೆ.

ಈಗ ಅವನು ಸುಗ್ಗಿಗೆ ಟ್ರ್ಯಾಕ್ಟರ್ ಕೊಡುವುದಿಲ್ಲವಂತೆ. ಕಾಲಿಗೆ ಬೀಳು ಎಂದು ಕಾಕಾ ದಿನಾ ಹೇಳುತ್ತಾನೆ. ಬೀಳುವುದಿಲ್ಲ. ಕುಡುಗೋಲಿನಿಂದ ಕೊಯ್ದು, ಕಲ್ಲಿಗೆ ಬಡಿದು ರಾಶಿ ಮಾಡುತ್ತೇನೆ. ನಿನ್ನ ನಂಬಿಕೆ ಮುರಿದೆನೆಂದು ಸಿಟ್ಟು ಬಂದಿದ್ದರೆ ಊರಿಗೆ ಬಂದು ಬೈಯಿ, ಕೇಳುತ್ತೇನೆ. ಭಾವನಿಗೆ ಶರಣು, ಮಕ್ಕಳಿಗೆ ನನ್ನ ನೆನಪು.

ನಿನ್ನ ಮೊಮ್ಮಗ
ಮಾನಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇವತ್ತು ನಸುಕಿನಲ್ಲಿ ಬಸವ ನಮ್ಮ ಗದ್ದೆಗೇ ಬಂತು. ಸಾಹುಕಾರನ ಬೇಲಿ ತೆರೆದೇ ಇದೆ. ಗ್ಯಾನಪ್ಪ ಇರಲಿಲ್ಲ, ಸುತ್ತ ನೋಡಿದೆ. ತೆನೆಗೆ ಬಾಯಿ ಹಾಕಲಿಲ್ಲ. ನೀನು ನಿಲ್ಲುವ ಜಾಗ ಮೂಸುತ್ತಾ ಬಹಳ ಹೊತ್ತು ನಿಂತಿತ್ತು. ಹಿಂಡಿ ಹುಡುಕಿತೋ, ನಿನ್ನನ್ನೋ, ನನಗೆ ಗೊತ್ತಿಲ್ಲ. ಬೇಗ ಬಂದು ನೀನೇ ನೋಡು. ಈಗ ನಿನಗೆ ಕಣ್ಣು ಕಾಣುತ್ತದೆ.