ಶಟ್ಟೆವ್ವನ ಸಾರು ಮತ್ತು ದುಂಡಗಿಲ್ಲದ ಶಂಕು

ವಿದ್ಯಾರ್ಥಿನಿಲಯಗಳ ಊಟದ ಉಸ್ತುವಾರಿ ಹೊತ್ತ ಮಾನ್ಯರೇ,

ಭೂಮಿಯ ಮೇಲೆ ಯಾರಿಂದಲೂ ಮಾಡಲಾಗದ ಅಡುಗೆಯನ್ನು ಮಾಡಲಿಲ್ಲವೆಂದು ತಾವು ಶಟ್ಟೆವ್ವನಿಗೆ ನೋಟಿಸು ಕೊಟ್ಟಿದ್ದೀರಿ. ಆಕೆ ಮುನವಳ್ಳಿ ಕಡೆಯ ನಮ್ಮ ಹುಡುಗಿಯರ ನಿಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಲೆಯ ಮುಂದಿದ್ದಾಳೆ. ನಾನು ಕಾಲೇಜಿನಲ್ಲಿ ಗಣಿತ ಕಲಿಸುವವಳು. ನಿಲಯದ ಮೇಲ್ವಿಚಾರಣೆ ಹೆಚ್ಚುವರಿಯಾಗಿ ನನ್ನ ಹೆಗಲಿಗೆ ಬಿದ್ದಿದೆ. ಆಕೆಗೆ ಓದು ಬಾರದ್ದರಿಂದ ತಮ್ಮ ನೋಟಿಸನ್ನು ನಾನೇ ಓದಿ ಹೇಳಿದೆ: ಊಟದಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆ; ತಿಂಗಳೊಳಗೆ ಸರಿಪಡಿಸದಿದ್ದರೆ ಕೆಲಸದಿಂದ ಬಿಡುಗಡೆ.

"ಸುಣ್ಣಾ ಕಡಿಮಿ ಬಿದ್ದೈತೇನ್ರಿ ಅಕ್ಕೋರ? ಎಲಿ-ಅಡಿಕಿಗೆ ಹಚ್ಚೂದನ್ನ ಸಾರಿನ್ಯಾಗ ಕಲಸ್ಲೇನು?" ಎಂದು ನಕ್ಕಳು. ನಗುತ್ತಿದ್ದಂತೆಯೇ ಸೆರಗು ಕಣ್ಣಿಗೆ ಹೋಯಿತು.

ತಾವು ಕಳಿಸುವುದು ಅಕ್ಕಿ, ಗೋಧಿ, ತೊಗರಿಬೇಳೆ, ಎಣ್ಣೆ. ಕಾಯಿಪಲ್ಲೆ ತಮ್ಮ ಸುತ್ತೋಲೆಯ ಲೆಕ್ಕಕ್ಕೇ ಬಾರದ ಹುಲ್ಲು. ಈ ನಾಲ್ಕರಿಂದ ಇಂತಿಷ್ಟು ಶಕ್ತಿ, ಇಂತಿಷ್ಟು ಪ್ರೋಟೀನು, ಇಂತಿಷ್ಟು ಸುಣ್ಣದಂಶ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲದಂತೆ ಬರಬೇಕು. ಒಂದೊಂದು ಸಾಮಾನನ್ನೂ ಒಂದೇ ಮೂಲೆಯಿಂದ ಹೊರಟ ಒಂದೊಂದು ಕೋಲೆಂದುಕೊಳ್ಳಿ. ಅದರೊಳಗಿನ ಶಕ್ತಿ, ಪ್ರೋಟೀನು, ಸುಣ್ಣದಂಶಗಳ ಅನುಪಾತವೇ ಆ ಕೋಲಿನ ದಿಕ್ಕು. ಅವನ್ನು ಹೇಗೆ ಬೆರೆಸಿದರೂ ಆ ಅಡುಗೆ ಕೋಲುಗಳ ನಡುವಿನ ಜಾಗದಲ್ಲೇ ಇರುತ್ತದೆ. ಚಪ್ಪಟೆ ಗೋಡೆಗಳ ಆ ಜಾಗಕ್ಕೆ ನಾವು ಬಹುಮುಖಿ ಶಂಕು ಎನ್ನುತ್ತೇವೆ. ಪುಕ್ಕಟೆ ಸಿಗುವ ಗಣಿತ ತಂತ್ರಾಂಶವೊಂದರಲ್ಲಿ ನಾಲ್ಕು ಸಾಲು ಅಂಕಿ ಹೊಡೆದು, ತಮ್ಮ ಗುರಿ ಈ ಶಂಕುವಿನೊಳಗಿದೆಯೇ ಎಂದು ಕೇಳಿದೆ. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ 'ಇಲ್ಲ' ಎಂದಿತು. ಯಾವ ಗೋಡೆಯ ಆಚೆಗಿದೆ ಎಂಬುದನ್ನೂ ತೋರಿಸಿತು. ಶಟ್ಟೆವ್ವನಿರಲಿ, ಸ್ವರ್ಗದ ಬಾಣಸಿಗ ಬಂದರೂ ಆ ಗೋಡೆ ದಾಟುವಂತಿಲ್ಲ.

ಆ ಶಂಕುವಿನ ಚಿತ್ರ ಮುದ್ರಿಸಿದ ಹಾಳೆ ಹಿಡಿದು ಎರಡು ಬಸ್ಸು ಬದಲಿಸಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತ ದುರ್ಗಪ್ಪನವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೇಡಂರ, ಶಂಕು ಅಂದ್ರ ದುಂಡಗಿರಬೇಕಲ್ರಿ? ಇದಕ್ಕ ಮೂಲಿ ಬಂದಾವು. ಸಾಹೇಬ್ರು ಸಹಿ ಮಾಡೂದಿಲ್ಲ ನೋಡ್ರಿ." ವಾರದ ಮೇಲೆ ಕಡತ ತಮ್ಮ ಷರಾದೊಂದಿಗೆ ಮರಳಿತು: 'ಅಡುಗೆಯ ಪ್ರಮಾಣ ದುಪ್ಪಟ್ಟು ಮಾಡಿ ಪರಿಹರಿಸಿಕೊಳ್ಳುವುದು.' ಮಾನ್ಯರೇ, ದುಪ್ಪಟ್ಟು ಮಾಡಿದರೆ ಹುಡುಗಿಯರ ಹೊಟ್ಟೆ ಉಬ್ಬೀತು, ಅನುಪಾತ ಬದಲಾದೀತೇ? ಕೋಲನ್ನು ಉದ್ದ ಮಾಡಿದರೆ ಅದು ದಿಕ್ಕು ಬದಲಿಸುತ್ತದೆಯೇ?

ಹಟ ಬಿಡದೆ ಐದನೆಯ ಸಾಮಾನಾಗಿ ಎಳ್ಳನ್ನು ಸೇರಿಸಿ ನೋಡಿದೆ. ಶಂಕು ಅಗಲವಾಯಿತು, ತಮ್ಮ ಗುರಿ ಆರಾಮಾಗಿ ಒಳಗೆ ಬಂದು ಕುಳಿತಿತು. ಕುಣಿಯುವ ಹುರುಪಿನಲ್ಲಿ ಅಡುಗೆಮನೆಗೆ ಓಡಿದೆ. ಶಟ್ಟೆವ್ವ ಸೌಟು ಕೆಳಗಿಡಲಿಲ್ಲ.

"ಎಳ್ಳು ಕೊಡ್ರಿ, ಚಟ್ನಿ ಹಿಂಡಿ ಕುಟ್ಟತೇನಿ ಅಂತ ನಾ ಕೇಳಿ ಎರಡ ವರ್ಷ ಆತಲ್ರಿ. ಹಿಂದಿನ ಅಕ್ಕೋರು ಅರ್ಜಿ ಬರದು ನನ್ನ ಹೆಬ್ಬಟ್ಟೂ ಒತ್ತಿಸ್ಕೊಂಡಿದ್ರು. ಮಷಿನ್ನಿಗೆ ಈಗ ಗೊತ್ತಾತೇನು?"

ನಿಲಯದ ಹಳೆಯ ಕಡತಗಳಲ್ಲಿ ಹುಡುಕಿದೆ. ಅರ್ಜಿಯ ಪ್ರತಿ ಸಿಕ್ಕಿತು, ತಮ್ಮ ಕಚೇರಿಯ ಸ್ವೀಕೃತಿ ಮೊಹರಿನ ಸಮೇತ. ನನ್ನ ಪದವಿಗಳನ್ನು ನೆನೆದು ಎಷ್ಟು ನಾಚಿಕೆಯಾಯಿತೆಂದರೆ, ಅಂದು ಎರಡನೆಯ ಚಪಾತಿ ಬಡಿಸಿಕೊಳ್ಳಲಿಲ್ಲ.

ಆದ್ದರಿಂದ ಬರುವ ಸೋಮವಾರದೊಳಗೆ ನೋಟಿಸು ಹಿಂಪಡೆಯಿರಿ, ಎಳ್ಳು ಮಂಜೂರು ಮಾಡಿ. ಆಗದಿದ್ದರೆ ಮಂಗಳವಾರ ತಾವೇ ದಯಮಾಡಿಸಿ, ಆ ನಾಲ್ಕೇ ಸಾಮಾನಿನಲ್ಲಿ ಆ ಅಡುಗೆ ಮಾಡಿ ತೋರಿಸಿ. ಒಲೆ ಹೊತ್ತಿಸಿ ಕೊಡಲು ಶಟ್ಟೆವ್ವ ಒಪ್ಪಿದ್ದಾಳೆ. ಉಣ್ಣಲು ಅರವತ್ತೆರಡು ಹುಡುಗಿಯರು ತಾಟು ಹಿಡಿದು ಕುಳಿತಿರುತ್ತಾರೆ.

ಇಂತಿ,
ಅಡುಗೆಯವಳಿಗಿಂತ ಎರಡು ವರ್ಷ ತಡವಾಗಿ ಉತ್ತರ ಕಂಡುಕೊಂಡ ಗಣಿತದ ಉಪನ್ಯಾಸಕಿ,
ಶೈಲಶ್ರೀ