ಬೊಮ್ಮನಿಗೆ ಎಷ್ಟು ಹಲ್ಲು?

ಅಕ್ಕಾ,

ಈಗ ಭಾನುವಾರ ಸಂಜೆ ಏಳೂವರೆ. ಡೈರಿಗೆ ಹಾಲು ಹಾಕಿ ಬಂದಾಯಿತು, ಒಲೆಯ ಮೇಲೆ ಹುರುಳಿಕಾಳಿನ ಸಾರು ಕುದಿಯುತ್ತಿದೆ. ಮಧ್ಯಾಹ್ನ ಭಾವ ಮಾಕವಳ್ಳಿಯಿಂದ ಬಂದು, ಮಗಳ ಜೊತೆ ಕೂತು ಉಂಡು, ನಾಲ್ಕರ ಬಸ್ಸಿಗೆ ಹೋದರು. ಅವರಿಗೆ ಕಾರ್ಖಾನೆಯ ಪಾಳಿ ಬಿಡುವಂತಿಲ್ಲ. ಅದಕ್ಕೇ ನೀನು ಹೋದಾಗಿನಿಂದ ಚಂದ್ರಿ ಇಲ್ಲಿ, ದೇವಲಾಪುರದ ಹತ್ತಿರ, ನಮ್ಮ ಮನೆಯಲ್ಲೇ ಇದ್ದಾಳೆ. ಎಂಟು ತಿಂಗಳಾಯಿತು. ಇವತ್ತು ನನಗೊಂದು ವಿಷಯ ಗೊತ್ತಾಯಿತು. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಆಗ ನೀವಿದ್ದ ಕಿರಂಗೂರಿನ ಮನೆಯ ಜಗಲಿ ನೆನಪಾಗುತ್ತದೆ. ಚಂದ್ರಿಗೆ ಐದು ವರ್ಷವಿದ್ದಾಗ ಅಲ್ಲಿ ಕೂತು ನೀನು ಬೊಮ್ಮನ ಕತೆ ಶುರು ಮಾಡಿದ್ದೆ. ಬೊಮ್ಮ ಮಾತಾಡುವ ಹೋರಿಗರು. ಹೊಳೆಗೆ ಇಳಿದರೂ ಅವನ ಮೈ ನೆನೆಯುವುದಿಲ್ಲ. ಪುಟ್ಟಿ ಅನ್ನುವ ಹುಡುಗಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ನೀರಿನಡಿಯ ಊರಿಗೆ ಹೋಗುತ್ತಾನೆ. ಬಂದಾಗಲೆಲ್ಲ ನಾನು ಒಂದೊಂದು ತುಂಡು ಕೇಳಿಸಿಕೊಂಡಿದ್ದೆ. ಪೂರ್ತಿ ಕತೆ ನಿಮ್ಮಿಬ್ಬರಿಗೇ ಗೊತ್ತು.

ನೀನು ಹೋದ ತಿಂಗಳಿಗೆ ನಾನೂ ಒಂದು ಸಂಜೆ ಧೈರ್ಯ ಮಾಡಿದೆ. "ಬೊಮ್ಮ ಒಂದಿನ ಹೊಳೆ ದಂಡೇಲಿ..." ಅಂದದ್ದೇ ತಡ, ಚಂದ್ರಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಬ್ಯಾಡ ಚಿಕ್ಕವ್ವ, ಯೋಳ್ಬ್ಯಾಡ." ನಿನ್ನ ಹಾಗೆ ಹೇಳಲು ನನಗೆಲ್ಲಿ ಬರುತ್ತದೆ, ಅದಕ್ಕೇ ಬೇಡ ಅಂತಾಳೆ ಅಂದುಕೊಂಡೆ. ಆಮೇಲೆ ಅವಳ ತಲೆ ಬಾಚುವಾಗಲೂ ಅದೇ ಯೋಚನೆ, ನಾನು ಎಷ್ಟು ಮಾಡಿದರೂ... ಹೋಗಲಿ ಬಿಡು.

ಆದರೆ ಬೊಮ್ಮ ನನ್ನನ್ನು ಬಿಡಲಿಲ್ಲ. ಹುಲ್ಲು ಕೊಯ್ಯುವಾಗ, ಸಗಣಿ ಬಾಚುವಾಗ ಸುಮ್ಮನೆ ತಲೆಗೆ ಬರುತ್ತಿದ್ದ. ಕತೆಯ ಪುಟ್ಟಿಯೂ ಚಂದ್ರಿಯ ಹಾಗೇ ಐದರಿಂದ ಒಂಬತ್ತಕ್ಕೆ ಬಂದಳಲ್ಲ, ಬೊಮ್ಮನಿಗೆ ಈಗ ಎಷ್ಟು? ನಮ್ಮ ಕೊಟ್ಟಿಗೆಯ ಲೆಕ್ಕ ಹಿಡಿದರೆ ಪುಟ್ಟಿಗೆ ಮದುವೆಯಾಗುವ ಹೊತ್ತಿಗೆ ಅವನು ಮುದಿ ಎತ್ತು. ಮನುಷ್ಯರ ಲೆಕ್ಕ ಹಿಡಿದರೆ ಇನ್ನೂ ಎಳೆ ಕರು, ಹುಡುಗಿಯನ್ನು ಹೊರುವುದು ಹೇಗೆ? ಮಾತು ಬಂದ ಪ್ರಾಣಿಗೆ ಆಯಸ್ಸೂ ಹೆಚ್ಚಾ? ನಿನ್ನ ಕತೆಯಲ್ಲಿ ಮಾತಾಡುವ ಕಪ್ಪೆಯೂ ಇತ್ತು. ಅದೂ ಎಪ್ಪತ್ತು ವರ್ಷ ಬದುಕುತ್ತದಾ? ಆಮೆಯಾದರೆ ಒಂದು ಮಾತೂ ಆಡದೆ ಅಷ್ಟು ದಿನ ಇರುತ್ತದೆ. ನೀನು ಏನೋ ಒಂದು ಕಟ್ಟಳೆ ಮಾಡಿಕೊಂಡೇ ಇರುತ್ತೀಯ. ಏನದು ಅಂತ ಕೇಳೋಣವೆಂದರೆ...

ಇವತ್ತು ಭಾವ ಹೋದ ಮೇಲೆ ನಮ್ಮವರು ಕೊಟ್ಟಿಗೆಯಲ್ಲಿ ಹೊಸ ಹೋರಿಯ ವಯಸ್ಸು ತಿಳಿಯಲು ಕೆಳತುಟಿ ಜಗ್ಗಿ ಹಲ್ಲು ನೋಡುತ್ತಿದ್ದರು. ಚಂದ್ರಿ ಹತ್ತಿರ ಹೋಗಿ ಬಗ್ಗಿದಳು.

"ಎಷ್ಟಲ್ಲು ಚಿಕ್ಕಪ್ಪ?"

"ಆರು. ಕೊನೇಲಿ ಸಣ್ಣವು ಎರಡವೆ ನೋಡು, ಅವು ಹಾಲಲ್ಲು. ಅವೂ ಬಿದ್ದು ದೊಡ್ಡವು ಬಂದ್ರೆ ಎಂಟು. ಬಾಯ್ಗೂಡ್ತು ಅಂತೀವಿ."

"ಬಾಯ್ಗೂಡುದ್ರೆ ಸತ್ತೋಯ್ತದಾ?"

"ಯಾಕವ್ವ, ನಂಗೆ ಮೀಸೆ ಬಂದಾಗ ನಾನ್ ಸತ್ತೋದ್ನಾ? ಆಗ್ಲೇ ಕಣವ್ವ ಉಳೋ ಗೇಮೆ ಶುರುವಾಗೋದು. ಅಲ್ಲಿಂದಾಚೆ ಎಂಟತ್ತು ವರ್ಷ ಗೇಯ್ತವೆ."

ಅವಳು ಬೆರಳು ಮಡಿಸಿದಳು. "ನಾಕಲ್ಲಾಗಿದ್ರೆ?"

"ನಾಕಲ್ಲಾ? ಅದಿನ್ನೂ ಎಳೇದು ಬುಡು. ಯಾರ್ದು ಮಗಾ?"

"ಬೊಮ್ಮ."

"ಕೆಳಗಲ ಬೀದಿ ಬೊಮ್ಮಂದಾ? ಅವ್ನತ್ರ ಹೋರಿ ಎಲ್ಲೈತೆ, ಬರೀ ಕುರಿ!"

ಚಂದ್ರಿ ನಗಲಿಲ್ಲ. ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತು, ತಾನಾಗಿಯೇ ಹೇಳಿದಳು. ನೀನು ಆಸ್ಪತ್ರೆಯಲ್ಲಿದ್ದ ದಿನಗಳ ಕತೆಯೆಲ್ಲ ತಪ್ಪಿಹೋಯಿತು ಅಂತ ಅವಳು ಅತ್ತಾಗ ನೀನು ಸಮಾಧಾನ ಮಾಡಿದೆಯಂತೆ. ಕತೆ ಹೇಳಿದ ದಿನ ಮಾತ್ರ ಬೊಮ್ಮನಿಗೆ ಒಂದು ದಿನ ವಯಸ್ಸಾಗುತ್ತದೆ, ಹೇಳದ ದಿನ ಅವನು ಇದ್ದಲ್ಲೇ ಇದ್ದಷ್ಟೇ ಇರುತ್ತಾನೆ, ಏನೂ ತಪ್ಪಿಲ್ಲ ಅಂತ. ಕೊನೆಯ ಸಲ ಹೇಳಿದಾಗ ಅವನಿಗೆ ನಾಲ್ಕು ಹಲ್ಲಾಗಿತ್ತಂತೆ.

"ನೀನ್ ಯೋಳುದ್ರೆ ಅವನ್ಗೂ ವಯಸ್ಸಾಯ್ತದಲ್ಲ ಚಿಕ್ಕವ್ವ. ಆಮೇಲೆ ಅವನೂ..."

ಎಂಟು ತಿಂಗಳಿಂದ ಅವಳು ಬೊಮ್ಮನನ್ನು ಕಾಯುತ್ತಿದ್ದಳು, ಅಕ್ಕ. ನನ್ನನ್ನು ಬೇಡ ಅಂದಿರಲಿಲ್ಲ.

ಸಾರು ತಿರುವುತ್ತಾ ಕೇಳಿದೆ, "ಈಗ ಎಲ್ಲಿ ನಿಂತವ್ನೆ?"

"ಹೊಳೆ ಮಧ್ಯದ ಬಂಡೆ ಮ್ಯಾಲೆ."

"ಅವತ್ತಿಂದ್ಲೂವಾ? ಕಾಲು ನೋಯಲ್ವೇನವ್ವ ಅವನ್ಗೆ?"

ಅದನ್ನು ಅವಳು ಯೋಚಿಸಿರಲಿಲ್ಲ. ಒಲೆಗೆ ಒಂದು ಸೌದೆ ತಳ್ಳಿದಳು. "ಚಿಕ್ಕಪ್ಪ ಅಂದಂಗೆ ನಾಕಲ್ಲು ಅಂದ್ರೆ ಇನ್ನೂ ಸುಮಾರು ವರ್ಷ ಐತೆ, ಅಲ್ವಾ?"

"ಐತೆ."

"ಅಂಗಾದ್ರೆ ಒಂದೇ ದಿನದ್ದು ಯೋಳು."

ಹೇಳಿದೆ. ಮೂರು ಕಡೆ ತಪ್ಪಿದೆ, ಮೂರು ಕಡೆಯೂ ತಿದ್ದಿದಳು. ಬೊಮ್ಮನ ಬಲಗೊಂಬಿನ ತುದಿ ಮುರಿದಿದೆಯಂತೆ, ನನಗೆ ಗೊತ್ತೇ ಇರಲಿಲ್ಲ. ನೀನು ಮಾಡಿದ ಕಟ್ಟಳೆಯಿಂದ ನನ್ನ ಒಂದು ಪ್ರಶ್ನೆ ತೀರಿತು, ಇನ್ನೊಂದು ಹುಟ್ಟಿತು: ಮುಂದೆ ಚಂದ್ರಿ ತನ್ನ ಮಕ್ಕಳಿಗೆ ಮೊದಲಿಂದ ಹೇಳಿದರೆ ಬೊಮ್ಮ ಮತ್ತೆ ಹಾಲುಹಲ್ಲಿನ ಕರುವಾಗುತ್ತಾನಾ? ಅದಕ್ಕೂ ನೀನು ಏನಾದರೂ ಯೋಚಿಸಿಟ್ಟಿದ್ದೆಯಾ?

ಅವನನ್ನು ಬಂಡೆಯಿಂದ ಆಚೆ ದಡಕ್ಕೆ ಇಳಿಸಿದ್ದೇನೆ. ನಾಳೆ ಸೋಮವಾರ, ಚಂದ್ರಿಗೆ ಶಾಲೆ ಇದೆ. ಬೊಮ್ಮನಿಗೆ ನಾಲ್ಕು ಹಲ್ಲು, ಮೇಲೆ ಒಂದು ದಿನ.